ಯಾರ ಪೈಕಿ ಅಂತ ಕೇಳಬಾರದಿತ್ತು

ಮನುಷ್ಯರನ್ನು ಹುಡುಕುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಪ್ಪತ್ನಾಲ್ಕು ವರ್ಷ ವಿಮೆ ಕಚೇರಿಯಲ್ಲಿ ಸವೆದಿದ್ದೇನೆ. ಪಾಲಿಸಿ ಮಾಡಿಸಿ ಊರು ಬಿಟ್ಟವರನ್ನು, ಮನೆ ಬದಲಿಸಿದವರನ್ನು, ಬಾಗಿಲ ಹಿಂದೆ ನಿಂತು ‘ಸಾಹೇಬರು ಮನೆಯಲ್ಲಿಲ್ಲ’ ಎಂದು ತಾವೇ ಹೇಳಿದ ಸಾಹೇಬರನ್ನು ಕೂಡ ಪತ್ತೆ ಹಚ್ಚಿ ಸಹಿ ಹಾಕಿಸಿಕೊಂಡು ಬಂದವನು ನಾನು. ಅಂಥವನಿಗೆ ಗುಜರಾತಿನಂಥ ಗುಜರಾತಿನಲ್ಲಿ ಒಬ್ಬ ಕೌನ್ಸೆಲರ್ ಸಿಗುವುದಿಲ್ಲವೇ? ಒಂದೇ ವಾರದ ಕೆಲಸ ಎಂದು ಹೆಂಡತಿಗೆ ಹೇಳಿದೆ. ಆ ವಾರ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು.

ಕೌನ್ಸೆಲರ್ ಬೇಕಾದದ್ದು ಏಕೆಂದು ಮೊದಲು ಹೇಳಿಬಿಡುತ್ತೇನೆ. ನಾವು ಗದಗ ಕಡೆಯವರು. ವರ್ಗಾವಣೆಯ ದೆಸೆಯಿಂದ ಹತ್ತು ವರ್ಷದಿಂದ ವಡೋದರಾದಲ್ಲಿದ್ದೇವೆ. ಮಗಳು ಪಲ್ಲವಿಗೆ ಹದಿನಾರು. ಫತೇಗಂಜ್‌ನಲ್ಲಿ ಅವಳ ಟ್ಯೂಷನ್. ಸಂಜೆ ಏಳಕ್ಕೆ ನಾನು ಸ್ಕೂಟರ್ ತೆಗೆದುಕೊಂಡು ಹೋಗಿ ಅವಳನ್ನು ಕರೆತರುವುದು ನಮ್ಮ ಮನೆಯ ಸಂಪ್ರದಾಯ. ಹಿಂದೆ ಕೂತ ಹುಡುಗಿ ಆ ಇಪ್ಪತ್ತು ನಿಮಿಷದಲ್ಲಿ ಇಡೀ ದಿನದ ವರದಿ ಒಪ್ಪಿಸುತ್ತಿದ್ದಳು. ಅರ್ಧ ಗುಜರಾತಿ, ಕಾಲು ಹಿಂದಿ, ಉಳಿದದ್ದು ಇಂಗ್ಲಿಷು, ಒಗ್ಗರಣೆಗೆ ಕನ್ನಡ. ನನಗೆ ಗಾಳಿಯಲ್ಲಿ ಅರ್ಧ ಕೇಳುತ್ತಿರಲಿಲ್ಲ, ಕೇಳಿದ್ದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಇಡೀ ದಿನದಲ್ಲಿ ನನಗೆ ಬಹಳ ಇಷ್ಟವಾದ ಹೊತ್ತು ಅದೇ.

ಒಂದು ಸಂಜೆ ಅವಳನ್ನು ಕರೆತರಲು ಹೊರಟವನಿಗೆ ಸಿಗ್ನಲ್ಲಿನಲ್ಲಿ ಎದೆ ಹಿಡಿದಂತಾಯಿತು. ಕೈ ನಡುಗಿತು, ಬೆವರಿಳಿಯಿತು, ಉಸಿರು ಅರ್ಧಕ್ಕೇ ನಿಂತು ವಾಪಸು ಬರತೊಡಗಿತು. ಸ್ಕೂಟರನ್ನು ಪಕ್ಕಕ್ಕೆ ಹಚ್ಚಿ ಫುಟ್‌ಪಾತಿನ ಮೇಲೆ ಕೂತೆ. ನನ್ನ ಕಥೆ ಮುಗಿಯಿತು, ನಾಮಿನಿ ಹೆಸರು ಸರಿ ಇದೆಯೋ ಇಲ್ಲವೋ ಎಂದು ನೆನಪಿಸಿಕೊಳ್ಳುತ್ತಿದ್ದೆ. ಏನೂ ಮುಗಿಯಲಿಲ್ಲ. ಆದರೆ ಪಲ್ಲವಿ ಅಲ್ಲಿ ಟ್ಯೂಷನ್ನಿನ ಮುಂದೆ ಒಂದು ತಾಸು ಒಬ್ಬಳೇ ನಿಂತಿದ್ದಳು.

ಅದಾದ ಮೇಲೆ ಮೂರು ಇಸಿಜಿ ಆದವು. ಮೂರರಲ್ಲೂ ಹೃದಯ ಅಚ್ಚುಕಟ್ಟಾಗಿತ್ತು. ನಾಲ್ಕನೆಯದು ಮಾಡಿ ಎಂದಾಗ ಡಾಕ್ಟರು ಪೆನ್ನು ಕೆಳಗಿಟ್ಟು, ಇದು ಹೃದಯದ ಕಾಯಿಲೆಯಲ್ಲ, ಮನಸ್ಸಿನ ಗಾಬರಿ, ಯಾರಾದರೂ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ ಎಂದರು. ಹೆಂಡತಿ ಸುಮಂಗಲಾ ನಡುವೆಯೇ ಬಾಯಿ ಹಾಕಿದಳು. ಇವರಿಗೆ ಮಾತಾಡಲು ಮನುಷ್ಯರು ಬೇಕೆಂಬುದನ್ನು ಅವಳು ಒಪ್ಪಲು ತಯಾರಿರಲಿಲ್ಲ. ಲಿಫ್ಟಿನಲ್ಲಿ ಎರಡು ಮಹಡಿ ಹತ್ತುವುದರೊಳಗೆ ಎದುರಿನವರ ವಂಶಾವಳಿ ಕೇಳುವವರು ಇವರು ಎಂದು ಡಾಕ್ಟರಿಗೆ ವಿವರಿಸಿದಳು. ಮನೆಯಲ್ಲಿ ಇತ್ತೀಚೆಗೆ ಏನಾದರೂ ಆಗಿದೆಯೇ ಎಂದು ಡಾಕ್ಟರು ಕೇಳಿದರು. ಏನೂ ಇಲ್ಲ ಎಂದೆ. ಸುಮಂಗಲಾ ನನ್ನ ಮುಖ ನೋಡಿದಳು.

ಅಣ್ಣ ತೀರಿಕೊಂಡು ಆಗ ಹತ್ತು ತಿಂಗಳು. ಹೋದೆ, ಎಲ್ಲಾ ಕಾರ್ಯ ಮುಂದೆ ನಿಂತು ಮಾಡಿದೆ, ಬಂದವರಿಗೆಲ್ಲ ನೀರು ಕೊಟ್ಟೆ, ಅತ್ತವರನ್ನು ಸಮಾಧಾನಪಡಿಸಿದೆ, ಹದಿನಾಲ್ಕನೆಯ ದಿನ ಬಂದು ಕಚೇರಿಯಲ್ಲಿ ಕೂತೆ. ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡಿ, ಎಂಥ ಗಟ್ಟಿ ಮನುಷ್ಯ ಎಂದು ಊರಲ್ಲಿ ಹೊಗಳಿಸಿಕೊಂಡವನು ನಾನು. ಅದಕ್ಕೂ ಸ್ಕೂಟರಿಗೂ ಏನು ಸಂಬಂಧ!

ಅಂತೂ ಸ್ಕೂಟರು ಪಾರ್ಕಿಂಗ್‌ನಲ್ಲಿ ಹೊದಿಕೆ ಹೊದ್ದು ಮಲಗಿತು. ಪಲ್ಲವಿ ಗೆಳತಿಯರ ಜೊತೆ ರಿಕ್ಷಾದಲ್ಲಿ ಬರತೊಡಗಿದಳು. ಬಂದವಳು ಸೀದಾ ಕೋಣೆಗೆ ಹೋಗುತ್ತಿದ್ದಳು. ದಿನದ ವರದಿ ನಿಂತುಹೋಯಿತು. ಏನು ಕೇಳಿದರೂ ‘ಠೀಕ್ ಹೈ ಪಪ್ಪಾ’ ಎಂಬ ಒಂದೇ ಉತ್ತರ. ಆ ಇಪ್ಪತ್ತು ನಿಮಿಷ ನನಗೆ ವಾಪಸು ಬೇಕಾಗಿತ್ತು. ಅದಕ್ಕಾಗಿ ಕೌನ್ಸೆಲರ್ ಏನು, ಮಂತ್ರವಾದಿಯ ಹತ್ತಿರ ಕೂಡ ಹೋಗಲು ತಯಾರಿದ್ದೆ.

ಮೊದಲನೆಯವರು ನಮ್ಮ ಮನೆಯ ಹತ್ತಿರದಲ್ಲೇ ಇದ್ದರು. ಮೂವತ್ತು ದಾಟಿರದ ಹುಡುಗ, ಬಹಳ ಒಳ್ಳೆಯವನು. ಏನು ತೊಂದರೆ ಎಂದು ಹಿಂದಿಯಲ್ಲಿ ಕೇಳಿದ. ಇಲ್ಲಿ ಒಂದು ವಿಷಯ ತಿಳಿಸಬೇಕು. ನನ್ನ ಹಿಂದಿ ಬೀದಿಯಲ್ಲಿ ಕಲಿತದ್ದಲ್ಲ, ಕಚೇರಿಯ ರಾಜಭಾಷಾ ಪರೀಕ್ಷೆಗಳಿಗೆ ಕೂತು ಪಾಸು ಮಾಡಿದ್ದು. ತರಕಾರಿಯವನ ಹತ್ತಿರ ಹೇಗೋ ನಡೆಯುತ್ತದೆ. ಆದರೆ ಗಂಭೀರವಾದ ಮಾತು ಬಂದರೆ ತಾನಾಗಿಯೇ ಪತ್ರವ್ಯವಹಾರದ ಹಿಂದಿ ಹೊರಡುತ್ತದೆ. ಗಂಟಲು ಸರಿಪಡಿಸಿಕೊಂಡು ಶುರುಮಾಡಿದೆ.

“ಮಹೋದಯ, ಸವಿನಯ ನಿವೇದನ್ ಹೈ ಕಿ ವಿಗತ್ ಕುಛ್ ಮಾಹ್ ಸೇ ಮೇರೇ ವಕ್ಷಸ್ಥಲ್ ಮೇಂ...”

ಹುಡುಗ ಬರೆಯುವುದನ್ನು ನಿಲ್ಲಿಸಿದ. ವಕ್ಷಸ್ಥಲದಲ್ಲಿ ಏನಾಗುತ್ತಿದೆ ಎನ್ನುವುದಕ್ಕೆ ನನ್ನ ರಾಜಭಾಷೆಯಲ್ಲಿ ಶಬ್ದವಿರಲಿಲ್ಲ. ಮುಂದಿನ ವಾಕ್ಯಕ್ಕೆ ತಡಕಾಡುತ್ತಾ, ಮೌನ ಬೇಡವೆಂದು, ಮದುವೆಯಾಗಿದೆಯೇ ಎಂದು ಅವನನ್ನು ಕೇಳಿದೆ. ಆಗಿತ್ತು. ಮಗು? ಎಂಟು ತಿಂಗಳ ಹೆಣ್ಣು. ಆಮೇಲೆ ಏನಾಯಿತೆಂದು ನನಗೂ ಸರಿಯಾಗಿ ಗೊತ್ತಿಲ್ಲ. ಗಡಿಯಾರ ನೋಡಿದಾಗ ನನ್ನ ಐವತ್ತು ನಿಮಿಷ ಮುಗಿದಿತ್ತು, ಅವನ ಟೇಬಲ್ಲಿನ ಮೇಲೆ ನನ್ನ ಕಾರ್ಡಿತ್ತು.

“ಏನಂದ್ರು?” ಸುಮಂಗಲಾ ಬಾಗಿಲಲ್ಲೇ ಕೇಳಿದಳು.

“ಹೆಂಡತಿ ಕೂಡ ಮಾತಾಡಿ ಹೇಳತೀನಿ ಅಂದಾರ.”

“ನಿಮ್ಮ ಸಂಗತಿ ಅವರ ಹೆಂಡತಿ ಕೂಡ ಯಾಕ ಮಾತಾಡ್ತಾರ್ರೀ?”

“ನನ್ನ ಸಂಗತಿ ಅಲ್ಲ. ಮಗೂನ ಪಾಲಿಸಿ.”

ಅಂದಿನ ರೊಟ್ಟಿ ಸ್ವಲ್ಪ ಸೀದಿತ್ತು. ನಾನು ಪೂರ್ತಿ ತಿಂದೆ.

ಎರಡನೆಯದಕ್ಕೆ ಅಹಮದಾಬಾದಿಗೇ ಹೋದೆ. ದೊಡ್ಡ ಊರಿನಲ್ಲಿ ದೊಡ್ಡ ಪರಿಣತರಿರುತ್ತಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಶನಿವಾರ ರೈಲು ಹತ್ತಿ, ಬೋಡಕ್‌ದೇವ್‌ನ ಒಂದು ಎತ್ತರದ ಕಟ್ಟಡದ ಆರನೆಯ ಮಹಡಿ ತಲುಪಿದೆ. ಬಣ್ಣದ ಕುರ್ಚಿಗಳು, ಗೋಡೆಗೆ ಹಸಿರು ಬಳ್ಳಿ, ಎಲ್ಲರೂ ಮೆಲ್ಲಗೆ ಮಾತಾಡುವವರು. ಕುಳಿತ ತಕ್ಷಣ ಒಂದು ಫಾರ್ಮ್ ಕೊಟ್ಟರು.

ಫಾರ್ಮ್! ಮೀನಿಗೆ ನೀರು ಸಿಕ್ಕಂತಾಯಿತು. ಕಿಸೆಯಿಂದ ಪೆನ್ನು ತೆಗೆದೆ. ಕಳೆದ ಎರಡು ವಾರದಲ್ಲಿ ನಿದ್ರೆಗೆ ತೊಂದರೆಯಾಗಿದೆಯೇ? ಇಲ್ಲ. ಕಾರಣವಿಲ್ಲದೆ ಭಯ? ಇಲ್ಲ. ಎದೆಬಡಿತ ಹೆಚ್ಚಾಗುವುದು? ಇಲ್ಲ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು? ಇಲ್ಲ. ಇಪ್ಪತ್ತೂ ಪ್ರಶ್ನೆಗೆ ಎರಡೇ ನಿಮಿಷದಲ್ಲಿ ಉತ್ತರಿಸಿ, ಕೆಳಗೆ ಸಹಿ ಹಾಕಿ, ಎಲ್ಲರಿಗಿಂತ ಮೊದಲು ಒಪ್ಪಿಸಿದೆ. ಗಟ್ಟಿಮುಟ್ಟಾದ ಗಿರಾಕಿಗಳ ಪ್ರೊಪೋಸಲ್ ಫಾರ್ಮ್ ತುಂಬಿ ತುಂಬಿ ಪಳಗಿದ ಕೈ ಅದು. ಕಾಯಿಲೆಗಳ ಪಟ್ಟಿ ಕಂಡರೆ ಸಾಕು, ತಾನೇ ಹೋಗಿ ‘ಇಲ್ಲ’ದ ಮೇಲೆ ಕೂರುತ್ತದೆ. ತಲೆಯನ್ನು ಒಂದು ಮಾತು ಕೇಳುವ ಪದ್ಧತಿಯಿಲ್ಲ.

ಒಳಗಿದ್ದ ಮೇಡಂ ಫಾರ್ಮನ್ನು ಎರಡು ಸಲ ಓದಿದರು. ಆಮೇಲೆ ನಗುತ್ತಾ, ಇಷ್ಟು ಆರೋಗ್ಯವಂತರನ್ನು ತಾವು ಈ ವರ್ಷ ನೋಡೇ ಇಲ್ಲ, ಯಾರ ಪರವಾಗಿ ಬಂದಿದ್ದೀರಿ ಎಂದು ಕೇಳಿದರು. ಆ ಕ್ಷಣದಲ್ಲಿ ನಿಜ ಹೇಳಬಹುದಿತ್ತು. ಆದರೆ ಕೆಳಗೆ ನನ್ನ ಸಹಿ ಇತ್ತಲ್ಲ! ‘ಮೇಲಿನ ಮಾಹಿತಿಯೆಲ್ಲ ಸತ್ಯ’ ಎಂದು ಸಹಿ ಹಾಕಿ ಆಮೇಲೆ ಮಾತು ಬದಲಿಸುವವರನ್ನು ಜೀವನವಿಡೀ ಬೈದವನು ನಾನು. ಸುಮ್ಮನೆ ನೋಡಿ ಹೋಗೋಣವೆಂದು ಬಂದೆ ಎಂದೆ. ಅವರು ನೀರು ಕೊಟ್ಟು, ಲಿಫ್ಟಿನವರೆಗೆ ಬಂದು ಕಳಿಸಿದರು. ವಾಪಸು ಬರುವಾಗ ರೈಲಿನಲ್ಲಿ ನನಗೆ ಎರಡು ಸಲ ಎದೆ ಹಿಡಿಯಿತು. ಆರೋಗ್ಯವಂತ ಎಂಬ ಪ್ರಮಾಣ ಸಿಕ್ಕ ಮೂರೇ ತಾಸಿನಲ್ಲಿ!

ಇಷ್ಟಾದ ಮೇಲೆ ಸುಮಂಗಲಾ ಅಧಿಕಾರ ತನ್ನ ಕೈಗೆ ತೆಗೆದುಕೊಂಡಳು. ನಿಮಗೆ ಕನ್ನಡದಲ್ಲಿ ಕೇಳುವವರೇ ಬೇಕು, ಹಿಂದಿಯಲ್ಲಿ ಅರ್ಜಿ ಬರೆಯುತ್ತೀರಿ, ಇಂಗ್ಲಿಷಿನಲ್ಲಿ ಸುಳ್ಳು ಬರೆಯುತ್ತೀರಿ ಎಂದಳು. ಕನ್ನಡ ಬಳಗದ ಹೆಂಗಸರಲ್ಲಿ ವಿಚಾರಿಸಿ, ಎರಡು ದಿನದಲ್ಲಿ ಹೆಸರು ತಂದಳು. ಸೂರತ್‌ನ ಅಡಾಜಣ್‌ನಲ್ಲಿ ವೀಣಾ ಎಂಬವರಿದ್ದಾರೆ, ಹುಬ್ಬಳ್ಳಿಯಲ್ಲಿ ಓದಿದವರು, ಗಂಡನ ಕೆಲಸದ ಮೇಲೆ ಇಲ್ಲಿಗೆ ಬಂದು ಈಗ ಕೌನ್ಸೆಲಿಂಗ್ ಮಾಡುತ್ತಾರೆ. ಮೊದಲ ಸಲ ಎದುರಿಗೆ ಬರಬೇಕು, ಆಮೇಲೆ ಫೋನಿನ ಪರದೆಯಲ್ಲೇ ಮಾತಾಡಬಹುದು ಎಂದಿದ್ದರು. ಇದಕ್ಕಿಂತ ಇನ್ನೇನು ಬೇಕು?

ಭಾನುವಾರ ಬೆಳಗಿನ ರೈಲಿಗೆ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಅವಳ ಉಪದೇಶ ಒಂದೇ: ಪಾಲಿಸಿ ಸುದ್ದಿ ತೆಗೆಯಬೇಡಿ, ಫಾರ್ಮ್ ಕೊಟ್ಟರೆ ಮುಟ್ಟಬೇಡಿ. ಎರಡಕ್ಕೂ ಒಪ್ಪಿದೆ. ತಾಪಿ ನದಿ ದಾಟಿ ರಿಕ್ಷಾ ಅಡಾಜಣ್ ಸೇರುವಾಗ ನನಗೆ ಹೊಸ ಉತ್ಸಾಹ ಬಂದಿತ್ತು. ಸುಮಂಗಲಾ ಹೊರಗಿನ ಕೋಣೆಯಲ್ಲಿ ಕೂತಳು. ನಾನು ಒಳಗೆ ಹೋದೆ.

ವೀಣಾ ಅವರಿಗೆ ಮೂವತ್ತೈದಿರಬಹುದು. ‘ಬರ್ರಿ, ಕೂಡ್ರಿ’ ಎಂದರು. ಆ ಒಂದು ‘ಕೂಡ್ರಿ’ಗೆ ನನ್ನ ಎದೆಯ ಅರ್ಧ ಭಾರ ಇಳಿಯಿತು. ಇಷ್ಟು ದೂರದ ಸೂರತ್‌ನಲ್ಲಿ ನಮ್ಮ ಕಡೆಯ ದನಿ! ಇನ್ನು ನಾನು ಎದೆಯ ವಿಷಯ ಹೇಳಬೇಕು, ಅವರು ಕೇಳಬೇಕು, ಅಷ್ಟೇ. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಕನ್ನಡದವರು ಕನ್ನಡದವರನ್ನು ಹೊರನಾಡಿನಲ್ಲಿ ಕಂಡರೆ, ಮೈಗೆ ಬೆಂಕಿ ಹತ್ತಿದ್ದರೂ, ಮೊದಲು ಊರು ಯಾವುದೆಂದು ಕೇಳಿಯೇ ಆಮೇಲೆ ನೀರು ಬೇಡುತ್ತಾರೆ.

“ತಮ್ಮದು ಯಾವ ಊರ ಆತ್ರಿ?” ಎಂದೆ.

ನರಗುಂದ ಎಂದರು. ಅಷ್ಟಕ್ಕೇ ಬಿಡಬಹುದಿತ್ತು. ನರಗುಂದದಾಗ ಯಾರ ಪೈಕಿ ಎಂದು ಕೇಳಿದೆ. ಅವರು ನಕ್ಕು, ಅದು ಇರಲಿ, ನಿಮ್ಮ ವಿಷಯ ಹೇಳಿ ಎಂದರು. ಹೇಳುತ್ತೇನೆ, ಇದೊಂದು ಆಗಲಿ ಎಂದೆ. ಅವರ ತಂದೆಯ ಮನೆತನ ನನಗೆ ಗೊತ್ತಿರಲಿಲ್ಲ. ತಾಯಿಯ ತವರು ಯಾವುದು? ರೋಣ. ರೋಣ ಎಂದ ಮೇಲೆ ನಾನು ಕುರ್ಚಿಯ ತುದಿಗೆ ಬಂದೆ. ರೋಣದಲ್ಲಿ ಯಾವ ಓಣಿ? ಸೋದರಮಾವ ಏನು ಮಾಡಿಕೊಂಡಿದ್ದಾರೆ? ಕಿರಾಣಿ ಅಂಗಡಿ? ಬಸ್‌ಸ್ಟ್ಯಾಂಡ್ ಎದುರಿಗೆ? ಎರಡು ಮೂರು ಸಲ ಅವರು ಮಾತನ್ನು ನನ್ನ ಕಡೆ ತಿರುಗಿಸಲು ನೋಡಿದರು. ನಾನು ಬಿಡಲಿಲ್ಲ. ಹುಲಿಯ ಬಾಲ ಕೈಗೆ ಸಿಕ್ಕಿತ್ತು.

ಹದಿನೈದು ನಿಮಿಷದಲ್ಲಿ ಗೆದ್ದೆ. ರೋಣದ ಕಿರಾಣಿ ಅಂಗಡಿಯ ಆ ಸೋದರಮಾವನಿಗೆ ಕೊಟ್ಟದ್ದು ನಮ್ಮ ಅತ್ತಿಗೆಯ ಅಕ್ಕನನ್ನು! ಅಂದರೆ ಈ ವೀಣಾ ಬೇರೆ ಯಾರೂ ಅಲ್ಲ, ನನ್ನ ಖಾಸಾ ಅಣ್ಣನ ಬೀಗರ ಪೈಕಿ. ಆದರೆ ಒಂದು ಎಳೆ ಇನ್ನೂ ಗಟ್ಟಿಯಾಗಬೇಕಿತ್ತು. ಅತ್ತಿಗೆಯ ಆ ಅಕ್ಕ ಹಿರಿಯಳೋ ನಡುವಿನವಳೋ? ಇಂಥ ಸಂಶಯ ಬಂದರೆ ನಮ್ಮ ಮನೆತನದಲ್ಲಿ ಕೊನೆಯ ತೀರ್ಪು ಒಬ್ಬನದೇ.

“ಒಂದ್ ನಿಮಿಷ ತಡೀರಿ. ಅಣ್ಣಗ ಫೋನ್ ಹಚ್ಚತೀನಿ. ಅವಗ ಎಲ್ಲಾ ಬಾಯಿಪಾಠ ಐತಿ.”

ಫೋನ್ ತೆಗೆದೆ. ‘ಅಣ್ಣ’ ಎಂಬ ಹೆಸರು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿತ್ತು. ಒತ್ತಿ ಕಿವಿಗೆ ಹಿಡಿದೆ. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಣ್ಣುದನಿ ಹೇಳಿತು. ಮತ್ತೆ ಹೇಳಿತು. ನಾನು ಫೋನ್ ಕಿವಿಯಿಂದ ತೆಗೆಯಲಿಲ್ಲ.

ವೀಣಾ ಮುಂದಕ್ಕೆ ಬಾಗಿದರು. “ಶಂಕ್ರಣ್ಣ ಮಾವ ಅಲ್ರೀ? ಹೋದ ವರ್ಷ ನಮ್ಮವ್ವ ಮಣ್ಣಿಗೆ ಹೋಗಿ ಬಂದಿದ್ಲು.”

ನಾನು ತಲೆಯಾಡಿಸಿದೆ. ಆಮೇಲೆ ಅತ್ತೆ. ನಾಲ್ಕು ಮಂದಿಯ ನಡುವೆ ಗಟ್ಟಿ ಮನುಷ್ಯ ಎನಿಸಿಕೊಂಡವನು, ಪರವೂರಿನ ಕುರ್ಚಿಯ ತುದಿಯಲ್ಲಿ ಕೂತು, ಮೂಗು ಬಾಯಿ ಒಂದು ಮಾಡಿಕೊಂಡು ಹೋ ಎಂದು ಅತ್ತೆ. ಅಣ್ಣ ನನ್ನನ್ನು ಸಾಲೆಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ, ದಾರಿಯಲ್ಲಿ ಸಿಕ್ಕವರೆಲ್ಲ ಯಾರ ಪೈಕಿ ಎಂದು ಹೇಳಿಕೊಡುತ್ತಿದ್ದ, ಅದನ್ನೆಲ್ಲ ಹೇಳಿದೆ. ಅವನಿಲ್ಲದೆ ನನಗೆ ಬಹಳ ಭಯವಾಗುತ್ತದೆ ಎಂದೂ ಹೇಳಿದೆ. ಈ ಮಾತು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ವೀಣಾ ನೀರಿನ ಲೋಟ ಮುಂದೆ ಸರಿಸಿ, ಎಲ್ಲ ಕೇಳಿಸಿಕೊಂಡರು. ಅಳು ನಿಂತಾಗ ಉಸಿರು ಪೂರ್ತಿ ಒಳಗೆ ಹೋಗಿ ಪೂರ್ತಿ ಹೊರಗೆ ಬಂತು. ಹದಿನಾಲ್ಕು ತಿಂಗಳಾಗಿತ್ತು ಹಾಗಾಗಿ.

ಕಣ್ಣೊರೆಸಿಕೊಂಡು, ಸರಿ, ಮುಂದಿನ ವಾರ ಎಷ್ಟು ಹೊತ್ತಿಗೆ ಎಂದು ಕೇಳಿದೆ. ವೀಣಾ ಸಂಕಟಪಟ್ಟುಕೊಂಡರು.

“ಮಾವಾರ, ನಾ ನಿಮ್ಮನ್ನ ನೋಡಾಕ ಬರಂಗಿಲ್ಲ. ಬಳಗದವರನ್ನ ತಗೋಬಾರದು ಅಂತ ನಮ್ಮ ಕೆಲಸದಾಗ ಕಟ್ಟುನಿಟ್ಟ ಐತಿ. ಅದಕ್ಕ ಆವಾಗಿಂದ ನಿಮ್ಮ ಸುದ್ದಿ ಹೇಳ್ರಿ ಅನ್ನಾಕತ್ತಿದ್ದೆ.”

ಹೊರಗೆ ಬಂದು ಸುಮಂಗಲಾಗೆ ವಿಷಯ ತಿಳಿಸಿದೆ. ಅವಳು ನನ್ನ ಕೆಂಪು ಕಣ್ಣು ನೋಡಿದಳು, ನಿಟ್ಟುಸಿರು ಬಿಟ್ಟಳು.

“ಎಲ್ಲಾರಿಗೂ ಬಳಗ ಸಿಕ್ರ ಕೆಲಸ ಆಗತಾವು. ನಿಮಗ ಬಳಗ ಸಿಕ್ಕು ಕೆಲಸ ಕೆಡ್ತು.”

ಬಳಗ ಎಂದು ಗೊತ್ತಾದ ಮೇಲೆ ವೀಣಾ ಊಟ ಮಾಡಿಸದೆ ಬಿಡಲಿಲ್ಲ. ಮೇಲಿನ ಮಹಡಿಯಲ್ಲೇ ಮನೆ. ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಸುಮಂಗಲಾಳಿಗೆ ಉಡಿ ತುಂಬಿದರು. ಕೌನ್ಸೆಲಿಂಗ್ ಒಂದು ಬಿಟ್ಟು ಮಿಕ್ಕ ಎಲ್ಲ ಸತ್ಕಾರವೂ ಆಯಿತು. ಹೊರಡುವಾಗ ಒಂದು ಚೀಟಿ ಕೊಟ್ಟರು. ವಡೋದರಾದಲ್ಲೇ ತಮಗೆ ಕಲಿಸಿದ ಮೇಡಂ ಒಬ್ಬರಿದ್ದಾರೆ, ನೀತಾಬೆನ್ ಎಂದು, ಫೋನ್ ಮಾಡಿ ಎಲ್ಲ ಹೇಳಿರುತ್ತೇನೆ ಎಂದರು. ವಿಳಾಸ ಓದಿದೆ. ಫತೇಗಂಜ್. ಪಲ್ಲವಿಯ ಟ್ಯೂಷನ್ನಿನಿಂದ ಎರಡು ಓಣಿ ಆಚೆ! ನಾಲ್ಕು ತಿಂಗಳು ಮೂರು ಊರು ಸುತ್ತಿದ ಪತ್ತೇದಾರ ನಾನು.

ನೀತಾಬೆನ್‌ಗೆ ಅರವತ್ತು ದಾಟಿದೆ. ಹತ್ತಿಯ ಸೀರೆ, ದಪ್ಪ ಕನ್ನಡಕ. ಮನೆಯ ಒಂದು ಕೋಣೆಯಲ್ಲೇ ಜನರನ್ನು ನೋಡುತ್ತಾರೆ. ಅವರಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ, ನನಗೆ ಅವರ ಗುಜರಾತಿ ಅಷ್ಟಕ್ಕಷ್ಟೇ. ಕೂತೆ. ತಾವು ಮೂಲತಃ ಯಾವ ಊರಿನವರು ಎಂದು ಹಿಂದಿಯಲ್ಲಿ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿದರು. ವೀಣಾ ಎಲ್ಲವನ್ನೂ ಹೇಳಿದ್ದರು, ಇದನ್ನೂ!

“ನನ್ನ ಊರು ಆಮೇಲೆ. ಮೊದಲು ನಿಮ್ಮ ಅಣ್ಣನ ಹೆಸರು ಹೇಳಿ” ಎಂದು ಹಿಂದಿಯಲ್ಲೇ ಅಂದರು.

ಹೇಳಿದೆ. ಇನ್ನು ಊರು, ಪೈಕಿ ಕೇಳುವುದಿಲ್ಲವೆಂದು ಮಾತೂ ಕೊಟ್ಟೆ. ಮುಂದೆ ಮತ್ತೆ ‘ವಿಗತ್ ಮಾಹ್’ ಬರತೊಡಗಿತು. ನಿಮ್ಮ ಭಾಷೆಯಲ್ಲೇ ಹೇಳಿ ಎಂದರು. ತಮಗೆ ಅರ್ಥವಾಗುವುದಿಲ್ಲವಲ್ಲ ಎಂದೆ. ಅರ್ಥ ಆಮೇಲೆ ನೋಡೋಣ, ಮೊದಲು ಹೊರಗೆ ಬರಲಿ ಎಂದರು. ಹೀಗಾಗಿ ಫತೇಗಂಜ್‌ನ ಒಂದು ಕೋಣೆಯಲ್ಲಿ ವಾರಕ್ಕೊಮ್ಮೆ ಗದಗಿನ ಕನ್ನಡ ಒಂದು ತಾಸು ಹರಿಯತೊಡಗಿತು. ಮೊದಲು ಕನ್ನಡದಲ್ಲಿ ಹೇಳುತ್ತೇನೆ, ಆಮೇಲೆ ಅದರ ಸಾರವನ್ನು ತರಕಾರಿಯವನ ಹಿಂದಿಯಲ್ಲಿ ಒಪ್ಪಿಸುತ್ತೇನೆ. ಎದೆ ಹಿಡಿದಾಗ ಏನು ಮಾಡಬೇಕು, ಉಸಿರನ್ನು ಹೇಗೆ ಎಣಿಸಬೇಕು ಎಂದು ಅವರು ಕಲಿಸಿದರು. ಅವರು ಕೊಟ್ಟ ಫಾರ್ಮಿನಲ್ಲಿ, ಕೈಯನ್ನು ಬಿಗಿಯಾಗಿ ಹಿಡಿದು, ಹನ್ನೆರಡು ಕಡೆ ‘ಹೌದು’ ಬರೆದೆ. ಈಗ ಅದು ಐದಕ್ಕೆ ಇಳಿದಿದೆ.

ಏಳನೆಯ ವಾರ ಸ್ಕೂಟರಿನ ಹೊದಿಕೆ ತೆಗೆದೆ. ನನ್ನ ತಾಸು ಮುಗಿಯುವುದು ಏಳಕ್ಕೆ, ಪಲ್ಲವಿಯ ಟ್ಯೂಷನ್ ಬಿಡುವುದು ಅದಕ್ಕಿಂತ ಹತ್ತು ನಿಮಿಷ ಮೊದಲು. ಅವಳು ನಡೆದು ಬಂದು ನೀತಾಬೆನ್ ಮನೆಯ ಹೊರಕೋಣೆಯಲ್ಲಿ, ತಾನು ದಾದಿ ಎಂದು ಕರೆಯುವ ಅವರ ಮುದಿ ಅತ್ತೆಯ ಪಕ್ಕದಲ್ಲಿ ಕಾಯುತ್ತಾಳೆ. ಸಿಗ್ನಲ್ಲಿನಲ್ಲಿ ಒಮ್ಮೊಮ್ಮೆ ಕೈ ಇನ್ನೂ ನಡುಗುತ್ತದೆ. ಆಗ ಉಸಿರು ಎಣಿಸುತ್ತೇನೆ. ಹಿಂದಿನಿಂದ ಅವಳೂ ಎಣಿಸುತ್ತಾಳೆ, ಗುಜರಾತಿಯಲ್ಲಿ.

ನಿನ್ನೆ ಹತ್ತನೆಯ ವಾರ. ಸ್ಕೂಟರ್ ಹೊರಟ ಮೇಲೆ ಪಲ್ಲವಿ ಭುಜದ ಹತ್ತಿರ ಬಾಗಿ ಕೇಳಿದಳು. “ಪಪ್ಪಾ, ದೊಡ್ಡಪ್ಪ ಕೈಸೇ ಥೇ? ಸಣ್ಣ ಇದ್ದಾಗ?”

ಸೈಕಲ್ಲಿನ ಕಥೆ ಹೇಳಿದೆ. ಅವಳು ನಕ್ಕಳು. ನನ್ನ ಎದೆ ತುಂಬಿ ಬಂತು. ಆ ಉಮೇದಿಯಲ್ಲಿ, ಅಪ್ಪ ಎಷ್ಟು ಸುಧಾರಿಸಿದ್ದಾನೆ ನೋಡು, ಹತ್ತು ವಾರವಾಯಿತು, ನೀತಾಬೆನ್ ಯಾವ ಊರು, ಯಾರ ಪೈಕಿ ಎಂದು ಒಂದೇ ಒಂದು ಸಲ ಕೇಳಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡೆ.

“ನಡಿಯಾದ್” ಎಂದಳು ಪಲ್ಲವಿ.

“ಏನು?”

“ಅವರ ಊರು ನಡಿಯಾದ್, ಪಪ್ಪಾ. ಮೂರು ಅಕ್ಕ, ಒಬ್ಬ ಭಾಯಿ. ಅವರ ಭಾಭಿಯ ಬೆಹೆನ್ ನಮ್ಮ ಸೊಸೈಟಿಯಲ್ಲೇ ಇದ್ದಾರೆ, ಬಿ ಬ್ಲಾಕ್. ದಾದಿ ಹೇಳಿದ್ರು. ನಾನೇ ಕೇಳಿದೆ.”

ಸಂಶಯಕ್ಕೆ ಜಾಗವೇ ಇರಲಿಲ್ಲ. ಕನ್ನಡ ನೆಟ್ಟಗೆ ಬಾರದಿದ್ದರೇನು, ಹುಡುಗಿ ನಮ್ಮ ಪೈಕಿ! ಅಣ್ಣ ಇದ್ದಿದ್ದರೆ ಅವಳ ಬೆನ್ನು ತಟ್ಟುತ್ತಿದ್ದ. ನಾನು ನೀತಾಬೆನ್‌ಗೆ ಕೊಟ್ಟ ಮಾತನ್ನು ನೆನೆದು ತುಟಿ ಬಿಗಿಹಿಡಿದೆ. ನೂರು ಗಜ ಹಾಗೆಯೇ ಹೋದೆ. ಆಮೇಲೆ ಸ್ಕೂಟರನ್ನು ರಸ್ತೆಯ ಪಕ್ಕಕ್ಕೆ ಹಚ್ಚಿ, ಎಂಜಿನ್ ಆರಿಸಿ, ಹಿಂದಕ್ಕೆ ತಿರುಗಿ ಕೇಳಿದೆ.

“ಬಿ ಬ್ಲಾಕಿನಾಗ ಯಾವ ಮನಿ?”